ಮೊದಲು ಗೇಟು ತೆಗೆ, ತಮ್ಮಾ

ಪ್ರೀತಿಯ ತಮ್ಮನಿಗೆ,

ನೀನು ಕಳಿಸಿದ ಎಂಟೂ ಪದ್ಯಗಳನ್ನು ಎರಡು ಸಲ ಓದಿದೆ. ಒಂದು ಸಲ ಮನಸ್ಸಿನಲ್ಲಿ, ಇನ್ನೊಂದು ಸಲ ಗಟ್ಟಿಯಾಗಿ. ಅಮೆರಿಕದ ಬಾಯ್ಸಿಗೆ ಹೋಗಿ ವರ್ಷ ತುಂಬುವುದರೊಳಗೆ ಅಲ್ಲಿನ ರಾಂಚ್ ಬದುಕಿನ ಮೇಲೆ, ಅಂದರೆ ದನ ಸಾಕುವ ದೊಡ್ಡ ಹುಲ್ಲುಗಾವಲುಗಳ ಬದುಕಿನ ಮೇಲೆ, ಕನ್ನಡದಲ್ಲಿ ನಗೆಪದ್ಯ ಬರೆಯಬೇಕು ಅಂತ ನಿನಗೆ ಅನ್ನಿಸಿತಲ್ಲ, ಅದು ನನಗೆ ತುಂಬ ಸಂತೋಷದ ವಿಷಯ. ಆದರೆ ನನ್ನ ಬೇಸರವನ್ನೂ ಮುಚ್ಚಿಡುವುದಿಲ್ಲ. ಎಂಟರಲ್ಲೂ ಟೋಪಿ ಇದೆ, ಏಳರಲ್ಲಿ ಪಿಸ್ತೂಲಿದೆ, ಐದರಲ್ಲಿ ಹೆಂಡದಂಗಡಿ ಇದೆ. ದನ ಒಂದರಲ್ಲೂ ಇಲ್ಲ.

ನಮ್ಮಪ್ಪ ಒಮ್ಮೆ ಎಮ್ಮೆ ಹಿಂಡುವಾಗ ಒದೆ ತಿಂದು ತಂಬಿಗೆ ಸಮೇತ ಗಂಜಲದಲ್ಲಿ ಬಿದ್ದಿದ್ದರು. ಆ ಕಥೆಯನ್ನು ಅವರೇ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು. ಕರು ಯಾವ ಕಡೆ ಕಟ್ಟಿತ್ತು, ತಂಬಿಗೆಯಲ್ಲಿ ಹಾಲು ಎಷ್ಟು ಬಿದ್ದಿತ್ತು, ಎಮ್ಮೆ ಯಾವ ಕಾಲೆತ್ತಿತು, ಎಲ್ಲ ಬರುತ್ತಿತ್ತು. ಕೇಳುವವರು ಎಲ್ಲರೂ ಒಂದಲ್ಲ ಒಂದು ದಿನ ಒದೆ ತಿಂದವರೇ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅದೇ ಕಥೆಯನ್ನು ಪಟ್ಟಣದ ನೆಂಟರೊಬ್ಬರು ಮದುವೆಮನೆಯಲ್ಲಿ ಹೇಳಿದರು. ಯಾರೂ ನಗಲಿಲ್ಲ. ಅಪ್ಪನ ಮುಖ ಬಾಡಿತು. ಆಗ ನನಗೆ ಹನ್ನೊಂದು ವರ್ಷ. ಅಮೆರಿಕದ ದನಗಾಹಿಗಳು ಕಟ್ಟಿದ ಕೌಬಾಯ್ ಕವಿತೆ ಓದುವಾಗಲೆಲ್ಲ ನನಗೆ ಆ ಎರಡು ಮುಖ ನೆನಪಾಗುತ್ತವೆ.

ಕೌಬಾಯ್ ಪದ್ಯಗಳ ಹುಟ್ಟು ನಿನಗೆ ಗೊತ್ತೇ ಇದೆ. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಟೆಕ್ಸಾಸಿನಿಂದ ಕಾನ್ಸಸ್ಸಿನ ರೈಲು ನಿಲ್ದಾಣಗಳವರೆಗೆ ದನದ ಮಂದೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಕಾಲ. ರಾತ್ರಿ ಮಂದೆ ಬೆದರಬಾರದೆಂದು ಕೌಬಾಯ್‌ಗಳು ಸುತ್ತಲೂ ಕುದುರೆಯ ಮೇಲೆ ಸುತ್ತುತ್ತ ಹಾಡುತ್ತಿದ್ದರು. ಅವರಲ್ಲಿ ಮೆಕ್ಸಿಕೋದವರಿದ್ದರು, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿದ್ದರು. ರಾಂಚ್, ರೋಡಿಯೋ, ಲಾರಿಯಟ್ ಮಾತುಗಳೆಲ್ಲ ಸ್ಪ್ಯಾನಿಷ್‌ನಿಂದ ಬಂದವು; ನಿನ್ನ ಕಡೆಯವರು ಹೇಳುವ ‘ಬಕರೂ’ ಕೂಡ ದನಗಾಹಿ ಅನ್ನುವ ಸ್ಪ್ಯಾನಿಷ್ ಮಾತು ‘ವಕೇರೋ’ದ ಇನ್ನೊಂದು ಉಚ್ಚಾರಣೆ. ನಿನ್ನ ಪದ್ಯಗಳಲ್ಲಿ ಎಲ್ಲ ಕೌಬಾಯ್‌ಗಳೂ ಒಂದೇ ಬಣ್ಣದವರು. ಅದನ್ನು ತಿದ್ದಿಕೋ.

ಮಗಳ ಮನೆಯಲ್ಲಿದ್ದ ಒಂದು ಚಳಿಗಾಲ ನಾನು ನೆವಾಡಾದ ಎಲ್ಕೋಗೆ ಹೋಗಿದ್ದೆ. 1985ರ ಜನವರಿಯಲ್ಲಿ ಹಾಲ್ ಕ್ಯಾನನ್ ಮತ್ತಿತರ ಜಾನಪದ ವಿದ್ವಾಂಸರು ಅಲ್ಲಿ ಕೌಬಾಯ್ ಕವಿಗಳ ಕೂಟ ಶುರುಮಾಡಿದರು. ಅಷ್ಟು ಹಿಮದಲ್ಲಿ ಯಾಕೆ ಅಂತ ಮೊದಲು ನನಗೂ ಅರ್ಥವಾಗಲಿಲ್ಲ. ಹಸುಗಳು ಈಯುವ ಕಾಲ ಇನ್ನೂ ಬಂದಿರುವುದಿಲ್ಲ, ದನ ಕೂಡಿಸುವ ಕೆಲಸ ಮುಗಿದಿರುತ್ತದೆ. ರಾಂಚಿನವರಿಗೆ ನಾಲ್ಕು ದಿನ ಬಿಡುವು ಸಿಗುವುದೇ ಆಗ. ಕವಿತೆಯ ಹಬ್ಬದ ದಿನವನ್ನೂ ಹಸುವೇ ಗೊತ್ತುಮಾಡುತ್ತದೆ. ವೇದಿಕೆಯಲ್ಲಿ ಯಾರ ಕೈಯಲ್ಲೂ ಹಾಳೆ ಇರಲಿಲ್ಲ. ಬಾಯಿಪಾಠ. ನನ್ನ ಪಕ್ಕ ಕೂತಿದ್ದ ಮುದುಕರೊಬ್ಬರು ಕಣ್ಣುಮುಚ್ಚಿ ಸಾಲುಗಳನ್ನು ಕವಿಯ ಜೊತೆಗೇ ಹೇಳುತ್ತಿದ್ದರು, ನಗು ಬರುವ ಜಾಗಕ್ಕೆ ಒಂದು ಸಾಲು ಮುಂಚೆಯೇ ನಗುತ್ತಿದ್ದರು. ಅವರ ಬಲಗೈಯಲ್ಲಿ ಹೆಬ್ಬೆರಳಿರಲಿಲ್ಲ.

ಆ ಹೆಬ್ಬೆರಳಿನ ವಿಷಯ ಹೇಳಬೇಕು. ಓಡುವ ದನಕ್ಕೆ ಕುಣಿಕೆ ಎಸೆದ ಮೇಲೆ ಹಗ್ಗದ ಈ ತುದಿಯನ್ನು ಜೀನಿನ ಮುಂದೆ ಎದ್ದಿರುವ ಕೊಂಬಿಗೆ ಸರಸರ ಸುತ್ತಬೇಕು. ಅದಕ್ಕೆ ‘ಡ್ಯಾಲಿ’ ಅನ್ನುತ್ತಾರೆ. ಆ ಕಡೆ ಹೋರಿಯ ಭಾರ, ಈ ಕಡೆ ಕುದುರೆಯ ಭಾರ. ಹಗ್ಗ ಬಿಗಿಯುವ ಕ್ಷಣದಲ್ಲಿ ಹೆಬ್ಬೆರಳು ಸುತ್ತಿನೊಳಗೆ ಉಳಿದರೆ ಅದು ಹೋದಂತೆಯೇ. ಪದ್ಯದಲ್ಲಿ ಒಬ್ಬ ಹಗ್ಗ ಸುತ್ತಲು ಹೊರಟ ಅಂದ ಕೂಡಲೇ ಎಲ್ಕೋದ ಸಭೆ ಉಸಿರು ಬಿಗಿಹಿಡಿಯುತ್ತದೆ. ಮುಂದೆ ಬರುವ ನಗುವಿಗೆ ಆ ಉಸಿರೇ ಬಂಡವಾಳ. ನಿನ್ನ ಮೂರನೆಯ ಪದ್ಯದಲ್ಲಿ ‘ಹಗ್ಗ ಬೀಸಿದ, ಬಿದ್ದ’ ಅಂತಷ್ಟೇ ಇದೆ. ಹಗ್ಗಕ್ಕೂ ಬೀಳುವುದಕ್ಕೂ ನಡುವೆ ನಡೆದದ್ದೇ ಪದ್ಯ, ಅದನ್ನು ನೀನು ಬಿಟ್ಟುಬಿಟ್ಟೆ.

ಗೇಲ್ ಗಾರ್ಡ್ನರ್ ಎಂಬಾತ ಅರಿಜೋನಾದ ಪ್ರೆಸ್ಕಾಟಿನವನು. 1917ರಲ್ಲಿ ರೈಲಿನಲ್ಲಿ ಹೋಗುತ್ತ ಒಂದು ಪದ್ಯ ಬರೆದ. ಇಬ್ಬರು ಕೌಬಾಯ್‌ಗಳು ಪೇಟೆಯಲ್ಲಿ ಚೆನ್ನಾಗಿ ಕುಡಿದು ಬಿಡಾರಕ್ಕೆ ಮರಳುವಾಗ ದಾರಿಯಲ್ಲಿ ಸೈತಾನ ಎದುರಾಗುತ್ತಾನೆ, ನಿಮ್ಮ ಆತ್ಮಗಳನ್ನು ಒಟ್ಟುಮಾಡಿಕೊಂಡು ಹೋಗಲು ಬಂದಿದ್ದೇನೆ ಅನ್ನುತ್ತಾನೆ. ಆತ ಬಳಸುವುದು ಕಾಡಿನಲ್ಲಿ ಚದುರಿದ ದನ ಕೂಡಿಸುವುದಕ್ಕೆ ಇವರು ಬಳಸುವ ಮಾತನ್ನೇ. ಇವರೂ ಅವನನ್ನು ಹಿಂಡು ತಪ್ಪಿದ ದನದಂತೆಯೇ ನೋಡಿಕೊಳ್ಳುತ್ತಾರೆ. ಕುಣಿಕೆ ಹಾಕಿ ಕೆಡವುತ್ತಾರೆ, ಕಿವಿ ಕೊಯ್ದು ಗುರುತು ಮಾಡುತ್ತಾರೆ, ಕಾಸಿದ ಕಬ್ಬಿಣದಿಂದ ಮುದ್ರೆ ಒತ್ತುತ್ತಾರೆ, ಗರಗಸದಿಂದ ಕೊಂಬು ಕತ್ತರಿಸುತ್ತಾರೆ, ಬಾಲಕ್ಕೆ ಗಂಟು ಹಾಕಿ ಓಕ್ ಮರಕ್ಕೆ ಕಟ್ಟಿ ಹೊರಟುಬಿಡುತ್ತಾರೆ. ಬಾಲದ ಗಂಟೊಂದೇ ಇಲ್ಲಿ ತಮಾಷೆಗೆ ಮಾಡಿದ್ದು. ಉಳಿದದ್ದೆಲ್ಲ ಅವರ ದಿನದ ಕೆಲಸ, ಅದೇ ಕ್ರಮದಲ್ಲಿ. ಮುದ್ರೆ ಒತ್ತುವ ಕೆಲಸ ನೋಡಿದವನು ಇಲ್ಲಿ ನಗದೆ ಇರಲಾರ. ಇನ್ನೊಂದು ಸಂಗತಿ: ಪದ್ಯದಲ್ಲಿ ಬರುವ ಬೆಟ್ಟಸಾಲಿನ ಹೆಸರು ಸಿಯೆರಾ ಪ್ರಿಯೆಟಾ. ಊರವರ ಬಾಯಲ್ಲಿ ಅದು ‘ಸಿಯೆರಿ ಪೀಟ್ಸ್’. ಗಾರ್ಡ್ನರ್ ಓದಿದವನು, ಸರಿಯಾದ ಹೆಸರು ಅವನಿಗೆ ಗೊತ್ತಿತ್ತು. ಆದರೂ ಶೀರ್ಷಿಕೆಗೆ ಊರವರ ಉಚ್ಚಾರಣೆಯನ್ನೇ ಇಟ್ಟ. ನೀನು ರಾಣೆಬೆನ್ನೂರಿನ ಮಾತು ಬಿಟ್ಟು ಪುಸ್ತಕದ ಕನ್ನಡದಲ್ಲಿ ಯಾಕೆ ಬರೆಯುತ್ತೀಯ? ‘ಬಿದ್ದನು’ ಅಂದರೆ ಯಾರು ನಗುತ್ತಾರೆ? ‘ದಬಕ್ಕನ ಬಿದ್ದಾನ’ ಅನ್ನು.

ಕರ್ಲಿ ಫ್ಲೆಚರ್ 1915ರಲ್ಲಿ ಪ್ರಕಟಿಸಿದ ಪದ್ಯದಲ್ಲಿ ಯಾವ ಕುದುರೆಯನ್ನಾದರೂ ಹತ್ತಬಲ್ಲೆ ಅಂತ ಕೊಚ್ಚಿಕೊಳ್ಳುವವನನ್ನು ಒಂದು ಕೆಟ್ಟ ಕುದುರೆ ಆಕಾಶಕ್ಕೆ ಎಸೆಯುತ್ತದೆ. ಹೇಳುವವನು ಬಿದ್ದವನೇ. ಈ ಸಂಪ್ರದಾಯದಲ್ಲಿ ಹೆಚ್ಚು ಸಲ ಗೆಲ್ಲುವುದು ಪ್ರಾಣಿ, ಸೋತವನೇ ಕವಿ. 2022ರಲ್ಲಿ ತೀರಿಕೊಂಡ ಬ್ಯಾಕ್ಸ್‌ಟರ್ ಬ್ಲ್ಯಾಕ್ ದೊಡ್ಡ ಪ್ರಾಣಿಗಳ ಪಶುವೈದ್ಯರಾಗಿದ್ದವರು. ಆ ಕೆಲಸದಲ್ಲಿ ಪೆಟ್ಟು ತಿಂದದ್ದೆಲ್ಲ ಅವರ ಪದ್ಯಗಳಿಗೆ ಬಂತು.

ವಾಲೇಸ್ ಮೆಕ್ರೇ ಅವರ ಪುನರ್ಜನ್ಮದ ಪದ್ಯವನ್ನು ನೀನು ಕೇಳಲೇಬೇಕು, ಅದು ನಮ್ಮ ಅಂಗಳಕ್ಕೇ ಬಂದು ನಿಲ್ಲುತ್ತದೆ. ಪುನರ್ಜನ್ಮ ಅಂದರೇನು ಅಂತ ಒಬ್ಬ ಕೌಬಾಯ್ ಗೆಳೆಯನನ್ನು ಕೇಳುತ್ತಾನೆ. ಗೆಳೆಯ ತಾಳ್ಮೆಯಿಂದ ಬಿಡಿಸುತ್ತಾನೆ: ನೀನು ಸಾಯುತ್ತೀ, ಪೆಟ್ಟಿಗೆಯಲ್ಲಿಟ್ಟು ಹೂಳುತ್ತಾರೆ, ಮಣ್ಣಾಗುತ್ತೀ, ಅದರ ಮೇಲೆ ಹುಲ್ಲು ಚಿಗುರುತ್ತದೆ, ಹೂವು ಬಿಡುತ್ತದೆ, ಕುದುರೆ ಬಂದು ತಿನ್ನುತ್ತದೆ, ಮೈಗೆ ಹತ್ತಿದ್ದು ಹತ್ತಿ ಉಳಿದದ್ದು ಹಿಂದಿನಿಂದ ನೆಲಕ್ಕೆ ಬೀಳುತ್ತದೆ. ನಾನು ಆ ದಾರಿಯಲ್ಲಿ ಬಂದು ಅದನ್ನು ನೋಡಿ, ನೀನೇನೂ ಅಷ್ಟಾಗಿ ಬದಲಾಗಿಲ್ಲ ಬಿಡು, ಅಂದುಕೊಳ್ಳುತ್ತೇನೆ. ಹರಿಕಥೆಯಲ್ಲಿ ಜನ್ಮಾಂತರ ಕೇಳಿ ಬೆಳೆದ ನನಗೆ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು. ಮಣ್ಣು, ಹುಲ್ಲು, ಕುದುರೆ, ಲದ್ದಿ: ಇದು ಹುಲ್ಲುಗಾವಲಿನವನು ದಿನವೂ ಕಾಣುವ ಚಕ್ರ, ಅದರಲ್ಲಿ ಒಂದು ಹೆಜ್ಜೆಯೂ ಸುಳ್ಳಿಲ್ಲ. ಮೆಕ್ರೇ ಮೊಂಟಾನಾದ ರೋಸ್‌ಬಡ್ ಹಳ್ಳದ ಕಡೆಯ ಮೂರನೆಯ ತಲೆಮಾರಿನ ರಾಂಚರ್. 1990ರಲ್ಲಿ ಅವರಿಗೆ ಜಾನಪದ ಕಲಾವಿದರಿಗೆ ಅಮೆರಿಕ ಸರ್ಕಾರ ಕೊಡುವ ರಾಷ್ಟ್ರೀಯ ಪರಂಪರೆಯ ಫೆಲೋಶಿಪ್ ಬಂತು, ಆ ಗೌರವ ಪಡೆದ ಮೊದಲ ಕೌಬಾಯ್ ಕವಿ ಅವರು. ಕಲ್ಲಿದ್ದಲಿಗಾಗಿ ನೆರೆಯ ನೆಲವನ್ನೆಲ್ಲ ಬಗೆದಾಗ ಎದುರು ನಿಂತವರೂ ಅವರೇ, ಹೋದ ನೆಲದ ಬಗ್ಗೆ ಗಂಟಲು ಕಟ್ಟುವ ಪದ್ಯ ಬರೆದವರೂ ಅವರೇ. ನಿನ್ನ ಎಂಟು ಪದ್ಯದಲ್ಲಿ ಯಾರಿಗೂ ಏನೂ ನಷ್ಟವಾಗುವುದಿಲ್ಲ. ಅಲ್ಲೇ ನನಗೆ ಚಿಂತೆ.

ಛಂದಸ್ಸಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅವರದು ಸಾಮಾನ್ಯವಾಗಿ ಸಾಲಿಗೆ ನಾಲ್ಕು ಹೊಡೆತ, ಕೊನೆಗೆ ಪ್ರಾಸ. ಕುದುರೆಯ ಮೇಲೆ ಕೂತು ನೆನಪಿಡಲು ಅದು ಸಾಕು. ನೀನು ಅಂತ್ಯಪ್ರಾಸಕ್ಕಾಗಿ ಕ್ರಿಯಾಪದಗಳನ್ನು ಎಳೆದಾಡಿದ್ದೀಯ, ‘ಓಡಿತ್ತು, ನೋಡಿತ್ತು, ಆಡಿತ್ತು’. ಲಾವಣಿಯವರು ಕುಣಿಸುವ ಹಾಗೆ ಆದಿಪ್ರಾಸ ಹಿಡಿದು ನೋಡು. ಸಾಲಿನ ಕೊನೆ ಮಾತಿನ ಹಾಗೆ ಸಹಜವಾಗಿ ಮುಗಿಯುತ್ತದೆ, ನಗು ಅಲ್ಲಿ ಕೂರುವುದಕ್ಕೆ ಜಾಗ ಸಿಗುತ್ತದೆ.

ದನಗಳ ಕೆಲಸ ನಿನ್ನದಲ್ಲ, ಕಂಪ್ಯೂಟರ್ ಮುಂದೆ ಕೂರುವವನು ನೀನು, ನಿನಗೆ ಇದನ್ನು ಬರೆಯುವ ಹಕ್ಕಿದೆಯೇ ಅಂತ ಕೇಳಿದ್ದೀಯ. ಇದೆ. ಬ್ರೂಸ್ ಕಿಸ್ಕಾಡನ್ ಲಾಸ್ ಏಂಜಲೀಸಿನ ಹೋಟೆಲುಗಳಲ್ಲಿ ಪೆಟ್ಟಿಗೆ ಹೊರುತ್ತ, ತಾನು ಬಿಟ್ಟುಬಂದ ದನದ ಕೆಲಸದ ಬಗ್ಗೆ ತಿಂಗಳು ತಿಂಗಳೂ ಬರೆದ. ಆದರೆ ಅವನ ಮೈ ಆ ಕೆಲಸ ಬಲ್ಲದು. ನೀನು ಅವರ ಪರವಾಗಿ ಅವರ ಬೀಳುವಿಕೆಗೆ ನಗಬೇಡ. ಹೊಸಬನಾಗಿ ಅಲ್ಲಿ ನಿನ್ನ ಜಾಗದಿಂದ ಬರೆ. ಅವರದೊಂದು ಹಳೆಯ ತಮಾಷೆ ಇದೆ: ಪಿಕಪ್‌ನಲ್ಲಿ ಮೂವರು ಕೂತಿದ್ದರೆ ನಿಜವಾದ ಕೌಬಾಯ್ ಯಾರು? ನಡುವೆ ಕೂತವನು. ಅವನು ಗಾಡಿ ಓಡಿಸಬೇಕಿಲ್ಲ, ಇಳಿದು ಗೇಟೂ ತೆಗೆಯಬೇಕಿಲ್ಲ. ನಿನ್ನ ಜಾಗ ಬಾಗಿಲ ಪಕ್ಕ. ವಸಂತದಲ್ಲಿ ಕರುಗಳಿಗೆ ಮುದ್ರೆ ಹಾಕುವ ದಿನ ನೆರೆಹೊರೆಯವರೆಲ್ಲ ಕೂಡುತ್ತಾರೆ, ಮುಯ್ಯಿಯ ಹಾಗೆ. ನಿನ್ನ ಆಫೀಸಿನ ಆ ಗೆಳೆಯನ ಅಪ್ಪನದು ರಾಂಚ್ ಅಂದೆಯಲ್ಲ, ಅವರನ್ನು ಕೇಳಿಕೊಂಡು ಹೋಗು. ಹೇಳಿದ ಕೆಲಸ ಮಾಡು. ಆ ದಿನ ಬರೆಯಬೇಡ.

ನಿನ್ನ ಆರನೆಯ ಪದ್ಯದಲ್ಲಿ ಒಂದೇ ಒಂದು ಸಾಲಿದೆ: ತಂತಿಗೇಟಿನ ಕುಣಿಕೆ ಚಳಿಗೆ ಬೆರಳಿಗಂಟಿ ಬಿಡಲಿಲ್ಲ, ಗಾಡಿಯಲ್ಲಿದ್ದವರು ಹಾರ್ನ್ ಹೊಡೆದರು. ಅದನ್ನು ನೀನೇ ಮುಟ್ಟಿರಬೇಕು. ಉಳಿದ ಏಳನ್ನು ಪಕ್ಕಕ್ಕಿಟ್ಟು ಇದೊಂದನ್ನೇ ಮತ್ತೆ ಬರೆದು ಕಳಿಸು. ಕೈಗವಸು ಯಾಕೆ ಹಾಕಿರಲಿಲ್ಲ, ಆಚೆ ಕಡೆ ಎಷ್ಟು ದನ ನಿಂತಿದ್ದವು, ಹಾರ್ನ್ ಹೊಡೆದವರು ಯಾರು, ನೀನು ಗೇಟು ಮತ್ತೆ ಮುಚ್ಚಿದೆಯೋ ಇಲ್ಲವೋ, ಎಲ್ಲ ಬರಲಿ. ನಾನು ಕಾಯುತ್ತಿರುತ್ತೇನೆ.

ನಿನ್ನ
ಅಕ್ಕ