ಲೋವರ್ ಆರ್ಮ್ ಬುಷ್ ಅಳವಡಿಕೆಯಲ್ಲಿನ ಲೋಪದ ಕುರಿತು ದೂರು

ಸರ್ವಿಸ್ ಮ್ಯಾನೇಜರ್ ಅವರಿಗೆ,
ಕಾರು ಸರ್ವಿಸ್ ಕೇಂದ್ರ, ಕೊಡಗು ಜಿಲ್ಲೆ

ವಿಷಯ: ಮೂರು ತಿಂಗಳೊಳಗೆ ಹರಿದುಹೋದ ಬುಷ್‌ಗಳನ್ನು ಉಚಿತವಾಗಿ ಬದಲಾಯಿಸಿಕೊಡುವ ಬಗ್ಗೆ

ಮಾನ್ಯರೇ,

ನಾನು ನಾಪೋಕ್ಲು ಸಮೀಪದ ಕಾಫಿ ಬೆಳೆಗಾರ. ಮಳೆ ಹಿಡಿಯುವ ಮುಂಚೆ ಕೆಲಸ ಮುಗಿಯಲೆಂದು ಕಳೆದ ಮೇ ತಿಂಗಳ ಕೊನೆಯಲ್ಲಿ ಕಾರನ್ನು ತಮ್ಮಲ್ಲಿಗೆ ತಂದು, ಮುಂಭಾಗದ ಎರಡೂ ಲೋವರ್ ಕಂಟ್ರೋಲ್ ಆರ್ಮ್‌ಗಳಿಗೆ (ಚಕ್ರವನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳುಗಳು) ಹೊಸ ಬುಷ್, ಅಂದರೆ ಅವು ಚೌಕಟ್ಟಿಗೆ ಕೂಡುವಲ್ಲಿ ಇರುವ ರಬ್ಬರಿನ ಭಾಗ, ಹಾಕಿಸಿದೆ. ಬಿಡಿಭಾಗ, ಕೂಲಿ, ವೀಲ್ ಅಲೈನ್‌ಮೆಂಟ್ ಎಂದು ಬಿಲ್ಲಿನಲ್ಲಿದ್ದ ಪೂರ್ತಿ ಹಣವನ್ನು ಅಂದೇ ಕಟ್ಟಿದ್ದೇನೆ. ಆಗಸ್ಟ್ ಎರಡನೇ ವಾರಕ್ಕೆ, ಗಾಡಿ 2,400 ಕಿ.ಮೀ. ಕೂಡ ಓಡಿರಲಿಲ್ಲ, ಬ್ರೇಕ್ ಒತ್ತಿದಾಗಲೆಲ್ಲ ಎಡಮುಂಭಾಗದಿಂದ ಟಕ್ ಎಂಬ ಸದ್ದು ಕೇಳತೊಡಗಿತು. ಸ್ಟೀರಿಂಗ್ ಎಡಕ್ಕೆ ಎಳೆಯತೊಡಗಿತು.

ಗಾಡಿಯನ್ನು ಮತ್ತೆ ತಂದಾಗ ತಮ್ಮ ಸಿಬ್ಬಂದಿ ಅದನ್ನು ಲಿಫ್ಟ್‌ಗೆ ಏರಿಸಿಯೂ ನೋಡದೆ, “ಕೊಡಗಿನ ಮಳೆ, ಕೊಡಗಿನ ರಸ್ತೆ, ಬುಷ್ ಹೋಗುವುದು ಸಹಜ” ಎಂದು ಹೇಳಿ ಕಳುಹಿಸಿದರು. ಈ ಮಾತನ್ನು ನಾನು ಒಪ್ಪಲಾರೆ. ಕಂಪನಿಯಿಂದ ಬಂದಿದ್ದ ಮೊದಲ ಬುಷ್‌ಗಳು ಇದೇ ನಾಪೋಕ್ಲು–ಮೂರ್ನಾಡು–ಮಡಿಕೇರಿ ರಸ್ತೆಯಲ್ಲಿ, ಆರು ಮಳೆಗಾಲ ಕಂಡು, 62,000 ಕಿ.ಮೀ. ಬಾಳಿಕೆ ಬಂದಿದ್ದವು.

ಬಳಿಕ ಗೋಣಿಕೊಪ್ಪದ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ತೋರಿಸಿದೆ. ಟಾರ್ಚ್ ಹಿಡಿದು ನೋಡಿದರೆ ಎರಡೂ ಬದಿಯ ಮುಂದಿನ ಬುಷ್‌ಗಳಲ್ಲಿ ರಬ್ಬರು ಒಳಗಿನ ಲೋಹದ ಕೊಳವೆಯಿಂದ ಬಿಟ್ಟುಕೊಂಡಿತ್ತು, ಅದೂ ಎರಡರಲ್ಲಿ ಒಂದೇ ದಿಕ್ಕಿಗೆ. ಎಡಗಡೆಯ ಬುಷ್ ಪೂರ್ತಿ ಹರಿದಿತ್ತು. ಬಲಗಡೆಯದರಲ್ಲಿ ಅರ್ಧದಷ್ಟು ರಬ್ಬರು ಇನ್ನೂ ಹಿಡಿದುಕೊಂಡಿತ್ತು. ಅವರು ಗಾಡಿಯನ್ನು ನಾಲ್ಕೂ ಚಕ್ರಗಳ ಮೇಲೆ ನಿಲ್ಲಿಸಿ, ಬಲಗಡೆಯ ಬುಷ್‌ನ ಕೊಳವೆ ಮತ್ತು ಅದು ಕೂರುವ ಬ್ರ್ಯಾಕೆಟ್ ಎರಡಕ್ಕೂ ಸೇರುವಂತೆ ಸುಣ್ಣದಕಡ್ಡಿಯಿಂದ ಒಂದು ಗೀಟು ಎಳೆದು, ನಂತರ ಬೋಲ್ಟ್ ಸಡಿಲಿಸಿದರು. ಸಡಿಲಿಸಿದ ಕೂಡಲೇ ಕೊಳವೆ ತಾನಾಗಿ ತಿರುಗಿ, ಗೀಟು ಎರಡು ತುಂಡಾಗಿ ಬೇರೆ ಬೇರೆ ಕಡೆ ನಿಂತಿತು. ಅದರ ಚಿತ್ರಗಳನ್ನು ಲಗತ್ತಿಸಿದ್ದೇನೆ.

ಇದರ ಅರ್ಥ ತಮಗೆ ನಾನು ಹೇಳಬೇಕಿಲ್ಲ, ಆದರೂ ದಾಖಲೆಯಲ್ಲಿರಲಿ ಎಂದು ಬರೆಯುತ್ತಿದ್ದೇನೆ. ಈ ಬುಷ್‌ನ ರಬ್ಬರು ಒಳಕೊಳವೆಗೂ ಹೊರಕವಚಕ್ಕೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದ ಮೇಲೆ ಒಳಕೊಳವೆ ಬ್ರ್ಯಾಕೆಟ್‌ಗೆ ಕಚ್ಚಿಕೊಳ್ಳುವುದರಿಂದ, ಆರ್ಮ್ ಮೇಲೆ ಕೆಳಗೆ ಆಡುವಾಗ ಕೊಳವೆ ತಿರುಗುವುದಿಲ್ಲ, ರಬ್ಬರೇ ತಿರುಚಿಕೊಂಡು ಮರಳುತ್ತದೆ. ಆದ್ದರಿಂದ ಗಾಡಿಯ ಭಾರ ಚಕ್ರಗಳ ಮೇಲಿರುವಾಗ, ಇಲ್ಲವೇ ಕೆಳಗಿನಿಂದ ಜಾಕ್ ಕೊಟ್ಟು ಆರ್ಮನ್ನು ಅದೇ ಎತ್ತರಕ್ಕೆ ತಂದ ಮೇಲೆಯೇ ಬೋಲ್ಟನ್ನು ಕೊನೆಯದಾಗಿ ಬಿಗಿಯಬೇಕು. ಲಿಫ್ಟ್ ಮೇಲೆ ಚಕ್ರ ಜೋತಾಡುತ್ತಿರುವಾಗಲೇ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರು ತಿರುಚಿದ ಸ್ಥಿತಿಯಲ್ಲಿ ಇರುತ್ತದೆ. ಒಂದೊಂದು ಗುಂಡಿಗೂ ಅದು ತಾಳುವ ಮಿತಿ ಮೀರಿ ಎಳೆದುಕೊಂಡು ಬೇಗ ಹರಿಯುತ್ತದೆ. ನನ್ನ ಗಾಡಿಯಲ್ಲಿ ಆಗಿರುವುದು ಇದೇ.

ಅಲೈನ್‌ಮೆಂಟ್‌ಗೆ ಹಣ ಪಡೆದಿದ್ದರೂ ಅದರ ಮುದ್ರಿತ ವರದಿಯನ್ನು ಕೊಟ್ಟಿಲ್ಲ. ಎಡಮುಂಭಾಗದ ಟೈರಿನ ಒಳ ಅಂಚು ಈಗ ತಂತಿ ಕಾಣುವಷ್ಟು ಸವೆದಿದೆ.

ವಾರಕ್ಕೆರಡು ಬಾರಿ ನನ್ನ ತಾಯಿಯವರನ್ನು ಡಯಾಲಿಸಿಸ್‌ಗೆಂದು ಮಡಿಕೇರಿಗೆ ಕರೆದೊಯ್ಯುವುದು ಇದೇ ಗಾಡಿಯಲ್ಲಿ. ಮಂಜು ಕವಿದ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆದರೆ ಹಿಂದೆ ಕುಳಿತ ಅವರು ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಈ ವಿಷಯವನ್ನು ಸಣ್ಣದೆಂದು ಬಿಟ್ಟುಬಿಡಲು ನನ್ನಿಂದ ಆಗದಿರುವುದಕ್ಕೆ ಅದೇ ಮುಖ್ಯ ಕಾರಣ.

ಆದ ಕಾರಣ ಎರಡೂ ಬದಿಗೆ ಹೊಸ ಬುಷ್‌ಗಳನ್ನು, ಸುತ್ತಿಗೆಯಿಂದ ಬಡಿಯದೆ ಪ್ರೆಸ್ ಬಳಸಿ ಕೂರಿಸಿ, ಗಾಡಿಯ ಭಾರ ಚಕ್ರಗಳ ಮೇಲಿರುವಾಗ ಕಂಪನಿಯ ಕೈಪಿಡಿ ಹೇಳುವ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿದು, ಅಲೈನ್‌ಮೆಂಟ್ ಮಾಡಿ ವರದಿಯೊಂದಿಗೆ ಉಚಿತವಾಗಿ ಒಪ್ಪಿಸಬೇಕು. ಹಾಳಾದ ಟೈರಿನ ವೆಚ್ಚವನ್ನೂ ಭರಿಸಬೇಕು. ಬಿಗಿಯುವ ಹೊತ್ತಿನಲ್ಲಿ ನಾನು ಪಕ್ಕದಲ್ಲಿರಲು ಅನುಮತಿ ಬೇಕು, ಕಳಚಿದ ಬುಷ್‌ಗಳು ನನ್ನ ಕೈಗೆ ಬರಬೇಕು. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಡಯಾಲಿಸಿಸ್ ಇರುವ ಮಂಗಳವಾರ ಮತ್ತು ಶುಕ್ರವಾರ ಬಿಟ್ಟು ತಾವು ಹೇಳಿದ ಯಾವ ದಿನವಾದರೂ ಗಾಡಿಯನ್ನು ತರಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ವಾಹನದ ಮಾಲೀಕ

ಲಗತ್ತು: ಬಿಲ್ಲಿನ ಪ್ರತಿ, ಬುಷ್ ಮತ್ತು ಟೈರಿನ ಚಿತ್ರಗಳು