ಬಾಲ್ಯದ ನೆನಪಿನ ಜತೆಗೆ ಅದರ ಸಾಮಗ್ರಿಯೂ ಉಳಿಯಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯೂ ಸೇರಿದಂತೆ ಕನ್ನಡದ ಬಹುತೇಕ ಪುರವಣಿಗಳಲ್ಲಿ ಬಾಲ್ಯದ ಆಟಗಳು, ರೇಡಿಯೊ, ಟೆಂಟ್ ಸಿನಿಮಾ, ಮಕ್ಕಳ ಮಾಸಪತ್ರಿಕೆಗಳ ಕುರಿತ ನೆನಪಿನ ಬರಹಗಳು ಈಚೆಗೆ ತಪ್ಪದೆ ಕಾಣಿಸಿಕೊಳ್ಳುತ್ತಿವೆ. ನಾನು ಅವುಗಳ ಖಾಯಂ ಓದುಗ. ಆದರೆ ವೃತ್ತಿಜೀವನವನ್ನೆಲ್ಲ ಗ್ರಂಥಾಲಯದಲ್ಲಿ ಕಳೆದವನಾದ್ದರಿಂದ ಅವನ್ನು ಓದಿ ಮುಗಿಸಿದಾಗಲೆಲ್ಲ ಒಂದು ಕಸಿವಿಸಿ ಉಳಿದುಬಿಡುತ್ತದೆ. ನೆನಪಿನ ಬರಹಗಳು ಹೆಚ್ಚುತ್ತಿರುವಷ್ಟೇ ವೇಗದಲ್ಲಿ ಆ ನೆನಪುಗಳಿಗೆ ಆಧಾರವಾದ ಕಾಗದ, ಕ್ಯಾಸೆಟ್ಟು, ಆಟದ ಕಟ್ಟುಕಟ್ಟಳೆಗಳು ಇಲ್ಲವಾಗುತ್ತಿವೆ. ಬರೆಯುವವರಾಗಲಿ ಓದುವವರಾಗಲಿ ಅತ್ತ ಗಮನ ಕೊಟ್ಟಂತಿಲ್ಲ.

ಮಕ್ಕಳ ಪತ್ರಿಕೆಗಳನ್ನೇ ತೆಗೆದುಕೊಳ್ಳೋಣ. 1947ರ ಜುಲೈನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹುಟ್ಟಿದ ‘ಚಂದಮಾಮ’ 1949ರಲ್ಲಿ ಕನ್ನಡಕ್ಕೆ ಬಂತು. ಎಂ.ಟಿ.ವಿ. ಆಚಾರ್ಯರ ಮುಖಪುಟಗಳನ್ನೂ, ಬೇತಾಳನನ್ನು ಹೆಗಲಿಗೇರಿಸಿಕೊಂಡು ನಡೆವ ವಿಕ್ರಮನನ್ನು ದಶಕಗಳ ಕಾಲ ಚಿತ್ರಿಸಿದ ಶಂಕರ್ ಅವರ ರೇಖೆಗಳನ್ನೂ ಹಲವು ತಲೆಮಾರಿನ ಕನ್ನಡದ ಮಕ್ಕಳು ಅಕ್ಷರ ಕಲಿಯುವ ಮೊದಲೇ ಗುರುತಿಸುತ್ತಿದ್ದರು. ಆ ಪತ್ರಿಕೆ ನಿಂತುಹೋದರೂ ಅದಕ್ಕೊಂದು ಅಭಿಮಾನಿ ಬಳಗವಿದ್ದುದರಿಂದ ಹಳೆಯ ಸಂಚಿಕೆಗಳಲ್ಲಿ ಎಷ್ಟೋ ಸ್ಕ್ಯಾನ್ ಆಗಿ ಉಳಿದಿವೆ. ಅಷ್ಟು ಹೆಸರಿಲ್ಲದ, ಜಿಲ್ಲಾ ಕೇಂದ್ರದ ಒಂದು ಮುದ್ರಣಾಲಯದಿಂದ ನಾಲ್ಕಾರು ವರ್ಷ ಹೊರಬಂದು ಕಣ್ಮುಚ್ಚಿದ ಮಕ್ಕಳ ಮಾಸಿಕಗಳ ಪಾಡು ಬೇರೆಯೇ. ಗ್ರಂಥಾಲಯಗಳಲ್ಲಿ ದಿನಪತ್ರಿಕೆಗಳನ್ನೂ ‘ಗಂಭೀರ’ ಎನಿಸಿಕೊಂಡ ನಿಯತಕಾಲಿಕಗಳನ್ನೂ ಬೈಂಡ್ ಮಾಡಿಸಿ ಇಡುವ ವಾಡಿಕೆಯಿದೆ. ಮಕ್ಕಳ ಪತ್ರಿಕೆಗಳು ಮಾತ್ರ ಕೈಯಿಂದ ಕೈಗೆ ದಾಟಿ, ರಕ್ಷಾಪುಟ ಕಳಚಿ, ಪದಬಂಧವನ್ನು ಯಾರೋ ತುಂಬಿ, ಚಿತ್ರವನ್ನು ಇನ್ಯಾರೋ ಕತ್ತರಿಸಿಕೊಂಡು, ಉಳಿದದ್ದು ರದ್ದಿಗೆ ಸೇರುತ್ತದೆ. ಯಾವುದನ್ನು ಮಕ್ಕಳು ಹೆಚ್ಚು ಪ್ರೀತಿಸಿದರೋ ಅದೇ ಮೊದಲು ಹರಿದಿದೆ. ಯಾರೂ ತೆರೆಯದ ಇಲಾಖಾ ವರದಿಗಳು ಮಾತ್ರ ಅಚ್ಚಿನ ಮನೆಯಿಂದ ಬಂದ ದಿನದಂತೆಯೇ ಕಪಾಟಿನಲ್ಲಿ ಕುಳಿತಿವೆ.

ಸಿನಿಮಾ ಹಾಡಿನ ಪುಸ್ತಕಗಳ ಕಥೆ ಇನ್ನೂ ಬೇಸರದ್ದು. ಟೆಂಟಿನ ಮುಂದೆ ಮಾರುತ್ತಿದ್ದ, ಒರಟು ಕಾಗದದ ಆ ಕಿರುಹೊತ್ತಿಗೆಗಳಲ್ಲಿ ಹಾಡುಗಳ ಸಾಹಿತ್ಯ, ತಾರಾಗಣ, ತಂತ್ರಜ್ಞರ ಪಟ್ಟಿ ಎಲ್ಲವೂ ಇರುತ್ತಿದ್ದವು. ಕಥಾಸಾರವನ್ನು ಅರ್ಧಕ್ಕೆ ನಿಲ್ಲಿಸಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂದು ಮುಗಿಸುವ ಪದ್ಧತಿಯನ್ನು ಆ ಕಾಲದವರು ಮರೆತಿರಲಾರರು. ಪ್ರಕಟವಾದ ಪುಸ್ತಕಗಳ ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿದಂತೆ ನಿಗದಿತ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂದು 1954ರ ಕೇಂದ್ರ ಕಾಯ್ದೆ ಹೇಳುವುದೇನೋ ಸರಿ. ಜಾತ್ರೆಯ ಟೆಂಟಿನ ಮುಂದೆ ಒಂದೇ ವಾರದಲ್ಲಿ ಮಾರಿ ಮುಗಿಸಬೇಕಾದ ಹಾಡಿನ ಪುಸ್ತಕವನ್ನು ಯಾವ ಮುದ್ರಕ ತಾನೇ ಕೋಲ್ಕತ್ತಕ್ಕೆ ಅಂಚೆಯಲ್ಲಿ ಕಳಿಸಿಯಾನು? ಇದು ಕ್ಷುಲ್ಲಕ ಎನ್ನುವವರು ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಗತಿಯನ್ನು ನೆನೆಯಬೇಕು. 1934ರಲ್ಲಿ ತೆರೆಕಂಡ ಆ ಚಿತ್ರದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ಚಿತ್ರವೇ ಕಳೆದುಹೋದಾಗ ಚರಿತ್ರಕಾರರಿಗೆ ಉಳಿಯುವುದು ಜಾಹೀರಾತು, ಸ್ಥಿರಚಿತ್ರ, ಹಾಡಿನ ಪುಸ್ತಕದಂಥ ಚಿಲ್ಲರೆ ಕಾಗದಗಳೇ.

ಕಾಗದವಾದರೂ ಕಣ್ಣೆದುರೇ ಹಳದಿಗಟ್ಟಿ ನಮ್ಮನ್ನು ಎಚ್ಚರಿಸುತ್ತದೆ. ಕ್ಯಾಸೆಟ್ ಹಾಗಲ್ಲ, ಹೊರಗಿನಿಂದ ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಈ ಸಾಧನ ಎಂಬತ್ತು ತೊಂಬತ್ತರ ದಶಕಗಳಲ್ಲಿ ನಮ್ಮ ನಾಟಕ, ಹರಿಕಥೆ, ಭಾವಗೀತೆ, ಯಕ್ಷಗಾನಗಳನ್ನು ಮನೆಮನೆಗೆ ತಲುಪಿಸಿತು. ಅಂಗಡಿಯಲ್ಲಿ ಮಾರಾಟವಾದವು ಎಲ್ಲಾದರೂ ಒಂದು ಕಡೆ ಸಿಕ್ಕಾವು. ಕರಾವಳಿಯಲ್ಲಿ ರಾತ್ರಿಯಿಡೀ ನಡೆದ ತಾಳಮದ್ದಳೆಯನ್ನು ಅಭಿಮಾನಿಗಳು ಟೇಪ್ ರೆಕಾರ್ಡರ್ ಇಟ್ಟು ಧ್ವನಿಮುದ್ರಿಸಿಕೊಂಡದ್ದು, ಮನೆಯ ಮಕ್ಕಳಿಂದ ಅಜ್ಜಿ ಹಾಡಿಸಿದ್ದು, ಇವುಗಳಿಗೆ ಎರಡನೆಯ ಪ್ರತಿಯೇ ಇಲ್ಲ. ಪ್ಲಾಸ್ಟಿಕ್ ಸುರುಳಿಯ ಮೇಲೆ ಅಯಸ್ಕಾಂತೀಯ ಪುಡಿಯನ್ನು ಹಿಡಿದಿಟ್ಟಿರುವ ಅಂಟು ತೇವಾಂಶಕ್ಕೆ ಸಡಿಲಗೊಳ್ಳುತ್ತದೆ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಸುರುಳಿಗೇ ಬೂಷ್ಟು ಹಿಡಿಯುತ್ತದೆ. ಇದನ್ನು ಡಿಜಿಟಲ್‌ಗೆ ಇಳಿಸುವ ಕೆಲಸಕ್ಕೆ ಅಡ್ಡದಾರಿಯೂ ಇಲ್ಲವೆನ್ನಬೇಕು: ಸರಿಯಾಗಿ ಆಗಬೇಕಾದರೆ ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಕೂರಲೇಬೇಕು, ಜತೆಗೆ ಕೆಡದ ಪ್ಲೇಯರ್ ಬೇಕು, ಅದನ್ನು ರಿಪೇರಿ ಮಾಡಬಲ್ಲ ಕೈ ಬೇಕು. ಆ ಕೈಗಳಿಗೂ ವಯಸ್ಸಾಗುತ್ತಿದೆ.

ನೆನಪೊಂದೇ ಸಾಕೆನ್ನುವವರಿಗೆ ಒಂದು ಮಾತು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಸಣ್ಣ ಊರುಗಳಿಗೆ ಟಿ.ವಿ. ಸಂಕೇತ ಮುಟ್ಟಲು ಇನ್ನೂ ಕೆಲವು ವರ್ಷ ಹಿಡಿಯಿತು. ಆದರೂ ‘ಎಂಬತ್ತರ ದಶಕದಲ್ಲಿ ನಾವೆಲ್ಲ’ ಎಂದು ತೊಡಗುವ ಬರಹಗಳಲ್ಲಿ ದಶಕಕ್ಕೆ ದಶಕವೇ ಒಂದು ಭಾನುವಾರದ ಬೆಳಗಾಗಿಬಿಡುತ್ತದೆ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಕನ್ನಡದ್ದೆಂದೇ ನೆನಪಿಟ್ಟುಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ. ಅದು ತಯಾರಾದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಇನ್ನು ‘ನಾವೆಲ್ಲ’ ಎಂಬುದೂ ಎಷ್ಟು ನಿಜ? ಸಂಜೆ ಬಯಲಿಗೆ ಹೋಗಲು ಗಂಡುಹುಡುಗರಿಗಿದ್ದ ಬಿಡುವು ಅದೇ ಮನೆಯ ಹೆಣ್ಣುಮಕ್ಕಳಿಗೆ ಇರಲಿಲ್ಲ; ಶ್ರೀಮಂತರ ಮನೆಯ ಟಿ.ವಿ.ಯನ್ನು ನಡುಮನೆಯಲ್ಲಿ ಕುಳಿತು ನೋಡಿದವರೂ ಕಿಟಕಿಯಾಚೆ ನಿಂತು ನೋಡಿದವರೂ ಒಂದೇ ಬಾಲ್ಯವನ್ನು ಬಾಳಿದವರಲ್ಲ. ಸಂಗ್ರಹವೊಂದು ಇದ್ದರೆ, ಅದನ್ನು ಮುಂದಿಟ್ಟುಕೊಂಡು ಇಂಥ ವ್ಯತ್ಯಾಸಗಳನ್ನು ಯಾರಾದರೂ ಕೇಳಬಹುದು. ಬರಿಯ ಹಂಬಲದ ಎದುರು ಯಾವ ಪ್ರಶ್ನೆಯೂ ನಿಲ್ಲುವುದಿಲ್ಲ.

ಆಟಗಳ ವಿಷಯದಲ್ಲಿ ವಸ್ತುವಿಗಿಂತ ನಿಯಮ ಮುಖ್ಯ. ಅಳಿಗುಳಿಮಣೆ ಇಂದು ಕರಕುಶಲ ಮಳಿಗೆಗಳಲ್ಲಿ ಅಲಂಕಾರದ ವಸ್ತುವಾಗಿ ಸಿಗುತ್ತದೆ. ಅದರ ಹದಿನಾಲ್ಕು ಗುಳಿಗಳಲ್ಲಿ ಕಾಯಿಗಳನ್ನು ಹೇಗೆ ಬಿತ್ತಬೇಕು, ಬರಿದಾದ ಗುಳಿ ಎದುರಾದರೆ ಏನು ಮಾಡಬೇಕು ಎಂಬುದನ್ನು ಕೊಂಡವರು ಬಲ್ಲರೆಂಬ ಭರವಸೆ ನನಗಿಲ್ಲ. ಐದಕ್ಕೆ ಐದು ಮನೆಗಳ ಚೌಕಾಬಾರದಲ್ಲಿ ನಾಲ್ಕು ಕವಡೆಗಳೂ ಮೇಲ್ಮುಖವಾದರೆ ನಾಲ್ಕು, ಎಲ್ಲವೂ ಬೋರಲು ಬಿದ್ದರೆ ಎಂಟು ಎಂಬಲ್ಲಿಯವರೆಗೆ ಹೆಚ್ಚಿನವರು ಒಪ್ಪುತ್ತಾರೆ. ಎದುರಾಳಿಯ ಕಾಯನ್ನು ಕಡಿಯದೆ ಒಳಸುತ್ತಿಗೆ ಹೋಗಬಹುದೇ, ಜೋಡಿಕಾಯಿಗೆ ರಕ್ಷಣೆಯಿದೆಯೇ ಎನ್ನುವಲ್ಲಿಂದ ಜಗಳ ಶುರುವಾಗುತ್ತದೆ. ಈ ಜಗಳವೇ ದಾಖಲಾಗಬೇಕಾದದ್ದು, ಯಾಕೆಂದರೆ ಊರೂರಿನ ಭೇದ ಅಡಗಿರುವುದು ಅಲ್ಲಿ. ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆಗಳಿಗೂ ಇದೇ ಮಾತು ಸಲ್ಲುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೆಯ ಶತಮಾನದಲ್ಲೇ ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ‘ಕೌತುಕನಿಧಿ’ ಎಂಬ ಭಾಗವನ್ನು ಆಟಗಳಿಗೆಂದೇ ಮೀಸಲಿಟ್ಟರು. ಒಬ್ಬ ಅರಸನಿಗೆ ಇದು ಕೀಳು ಕೆಲಸವೆನಿಸಲಿಲ್ಲ. ನಮ್ಮ ಕಾಲದಲ್ಲಿ ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ಮಣೆಯಾಟಗಳ ಪ್ರದರ್ಶನಗಳನ್ನು ನಡೆಸುತ್ತ ಬಂದಿದೆ. ಬಯಲಾಟಗಳಿಗೆ, ಅಂದರೆ ಮಣೆಯೂ ಇಲ್ಲದ, ಮಣ್ಣಿನಲ್ಲಿ ಗೆರೆ ಎಳೆದು ಆಡುವ ಆಟಗಳಿಗೆ, ಅಂಥ ಶ್ರದ್ಧೆ ಇನ್ನೂ ಸಿಗಬೇಕಿದೆ.

‘ಇಂದಿನ ಮಕ್ಕಳು ನತದೃಷ್ಟರು’ ಎಂಬ ಗೊಣಗಾಟಕ್ಕೆ ನಾನು ದನಿಗೂಡಿಸಲಾರೆ. ಅವರಿಗೂ ಅವರ ಬಾಲ್ಯ ಇಷ್ಟೇ ಪ್ರಿಯವಾಗಲಿದೆ. ಅವರು ಕಳೆದುಕೊಳ್ಳುವುದು ಮಾತ್ರ ನಮಗಿಂತ ಹೆಚ್ಚು. ಫ್ಲ್ಯಾಶ್ ತಂತ್ರಾಂಶಕ್ಕೆ ಅಡೋಬಿ ಸಂಸ್ಥೆ ನೀಡುತ್ತಿದ್ದ ಬೆಂಬಲ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಾಗ, ಸೈಬರ್ ಕೆಫೆಗಳಲ್ಲಿ ಒಂದು ತಲೆಮಾರು ಆಡಿದ ಆಟಗಳು ಬ್ರೌಸರಿನಿಂದ ಮರೆಯಾದವು. ಅದೇ ವರ್ಷದ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಹಳ್ಳಿಯ ಹುಡುಗ ಹುಡುಗಿಯರು ಮಾಡಿ ಹಾಕಿದ್ದ ಅಸಂಖ್ಯ ತುಣುಕುಗಳು ಅವರ ಕೈಗೇ ಸಿಗದಂತಾದವು. ನಿಷೇಧ ಸರಿಯೋ ತಪ್ಪೋ ಎಂಬುದು ಇಲ್ಲಿನ ಚರ್ಚೆಯಲ್ಲ. ನಮ್ಮ ಹಳೆಯ ಮಾಸಿಕ ಅಟ್ಟದ ಮೇಲಾದರೂ ಸಿಕ್ಕೀತು. ಅವರಿಗೆ ಅಟ್ಟವೂ ಇಲ್ಲ.

ಕಾನೂನಿನ ತೊಡಕಿನ ನೆಪ ಇಲ್ಲಿ ಹೆಚ್ಚು ದೂರ ನಡೆಯದು. ಕೃತಿಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ 2012ರ ತಿದ್ದುಪಡಿಯ ಬಳಿಕ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿ ಈಗಾಗಲೇ ಇರುವ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇರಿಸಿಕೊಳ್ಳಲು ಅವಕಾಶ ನೀಡಿದೆ. ಎಲ್ಲರಿಗೂ ಬಿಡುಗಡೆ ಮಾಡುವುದು ಬೇರೆ ಪ್ರಶ್ನೆ, ಅದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕಾದೀತು, ಉಳಿಸಿಡುವುದಕ್ಕೆ ಅಡ್ಡಿಯಿಲ್ಲ. ಆದ್ದರಿಂದ ಜಿಲ್ಲಾ ಕೇಂದ್ರ ಗ್ರಂಥಾಲಯಗಳು ತಮ್ಮ ತಮ್ಮ ಜಿಲ್ಲೆಯಲ್ಲಿ ಅಚ್ಚಾದ ಮಕ್ಕಳ ಪತ್ರಿಕೆ, ಹಾಡಿನ ಪುಸ್ತಕ, ಕ್ಯಾಸೆಟ್ಟುಗಳನ್ನು ದಾನವಾಗಿ ಸ್ವೀಕರಿಸುವ ಒಂದು ಮೂಲೆಯನ್ನು ತೆರೆಯಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮತ್ತು ಜಾನಪದ ವಿಶ್ವವಿದ್ಯಾಲಯಗಳು ಆಟದ ನಿಯಮಗಳನ್ನು ಊರುವಾರು ಬರೆದಿಡುವ ಕೆಲಸವನ್ನು ವಿದ್ಯಾರ್ಥಿಗಳಿಗೆ ವಹಿಸಲಿ ಎಂಬುದು ನನ್ನ ಕೋರಿಕೆ. ಹಣಕ್ಕಿಂತ ಹೆಚ್ಚಾಗಿ ಇದು ಒಂದು ಸುತ್ತೋಲೆಯನ್ನೂ ಒಬ್ಬ ಆಸಕ್ತ ಸಿಬ್ಬಂದಿಯನ್ನೂ ಬೇಡುವ ಕೆಲಸ.

ತಮ್ಮಲ್ಲೂ ಒಂದು ವಿನಂತಿಯಿದೆ. ಪತ್ರಿಕೆಯ ಹಳೆಯ ಸಂಪುಟಗಳಲ್ಲಿ ಮಕ್ಕಳ ಪುಟಗಳು ಸೇರಿಕೊಂಡಿರುತ್ತವೆ. ಅವುಗಳ ಒಂದು ಸೂಚಿಯನ್ನಾದರೂ ಸಾರ್ವಜನಿಕರಿಗೆ ಸಿಗುವಂತೆ ಮಾಡಬಹುದು. ಬಾಲ್ಯದ ನೆನಪಿನ ಲೇಖನಗಳನ್ನು ಪ್ರಕಟಿಸುವಾಗ, ಲೇಖಕರು ಹೇಳುವ ಸಂಚಿಕೆ ಅಥವಾ ಕ್ಯಾಸೆಟ್ ಅವರ ಬಳಿ ಈಗಲೂ ಇದೆಯೇ, ಇದ್ದರೆ ಯಾವ ವರ್ಷದ್ದು, ಗ್ರಂಥಾಲಯಕ್ಕೆ ಪ್ರತಿ ಮಾಡಿಕೊಳ್ಳಲು ಕೊಡಬಲ್ಲರೇ ಎಂಬ ಮಾಹಿತಿಯನ್ನು ಅವರಿಂದ ಪಡೆದು ಲೇಖನದ ಕೊನೆಗೆ ಎರಡು ಸಾಲಿನಲ್ಲಿ ಅಚ್ಚುಮಾಡಿದರೆ, ಹುಡುಕುತ್ತಿರುವ ಸಂಗ್ರಾಹಕರಿಗೆ ಬಹಳ ಅನುಕೂಲವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗ್ರಂಥಪಾಲಕ