ಶನಿವಾರ ರಾತ್ರಿಯಿಂದ ಪೇಮೆಂಟ್ ಸ್ಕ್ರೀನ್‌ದಾಗ ಕಾಪಿ ಇರೂದಿಲ್ಲ, ಅಸಲಿ ವಹಿನೇ ಕಾಣ್ತದ

ನಮ್ಮ ಎಲ್ಲಾ ಅಡತಿ ಅಂಗಡಿ, ದಾಲ್ ಮಿಲ್ ಮತ್ತ ಟ್ರೇಡಿಂಗ್ ಗ್ರಾಹಕರಿಗೆ ನಮಸ್ಕಾರ್ರಿ.

ಈ ಬರೂ ಶನಿವಾರ ರಾತ್ರಿ ನಮ್ಮ ಸಾಫ್ಟ್‌ವೇರ್‌ದಾಗ ಒಂದು ದೊಡ್ಡ ಬದಲಾವಣೆ ಮಾಡ್ಲಾಕತ್ತೀವಿ. ನೀವು ದಿನಾ ಬೆಳಿಗ್ಗೆ ಗಂಜ್‌ಗೆ (ಮಾರ್ಕೆಟ್‌ಗೆ) ಬಂದ ಕೂಡ್ಲೆ ತೆಗೀತೀರಲ್ಲ, ಖರೀದಿದಾರರು ನಿಮ್ಮ ಬಿಲ್ ಪಾಸ್ ಮಾಡ್ಯಾರೋ ಇಲ್ಲೋ ತೋರಿಸೋ ಆ ಪೇಮೆಂಟ್ ಸ್ಕ್ರೀನ್, ಅದರ ಹಿಂದಿನ ವ್ಯವಸ್ಥಾನೇ ಪೂರಾ ಬದಲಾಗ್ತದ. ಫೋನ್‌ದಾಗ ಒಬ್ಬೊಬ್ಬರಿಗೆ ಹೇಳಿದ್ರ ಅರ್ಧಮರ್ಧ ಆಗ್ತದ, ಅದಕ್ಕ ಬರದೇ ಹೇಳ್ಲಾಕತ್ತೀವಿ, ಸ್ವಲ್ಪ ಉದ್ದ ಅದ, ಆದ್ರೂ ಒಮ್ಮೆ ಪೂರಾ ಓದ್ರಿ, ನಿಮ್ಮ ಮುನೀಮರಿಗೂ ಓದ್ಲಾಕ ಕೊಡ್ರಿ.

ಮೊದಲ ಇಲ್ಲಿತನಕ ಹ್ಯಾಂಗ ನಡೀತಿತ್ತು ಅಂತ ಹೇಳ್ತೀವಿ. ನಿಮ್ಮ ಬೇಳೆ ತಗೊಳೋ ದೊಡ್ಡ ಖರೀದಿದಾರರ ಲೆಕ್ಕ ಎಲ್ಲಾ ಅವರ ಮೇನ್‌ಫ್ರೇಮ್‌ದಾಗ, ಅಂದ್ರ ದೊಡ್ಡ ಕಂಪನಿಗಳು ಇಟ್ಕೊಳ್ಳೋ ಭಾರಿ ಕಂಪ್ಯೂಟರ್‌ದಾಗ, ಐಬಿಎಂ ಕಂಪನಿಯವರ ಡಿಬಿ2 ಅನ್ನೋ ಡೇಟಾಬೇಸ್‌ದಾಗ ಇರ್ತದ. ನಮ್ಮದು ಇಲ್ಲಿ ಕಲಬುರಗಿದಾಗ ಒರಾಕಲ್ ಡೇಟಾಬೇಸ್. ಎರಡಕ್ಕೂ ನೇರ ಮಾತುಕತಿ ಇದ್ದಿಲ್ಲ. ದಿನಾ ರಾತ್ರಿ ಅವರ ಕಡಿಂದ ಒಂದು ಫೈಲ್ ಬರ್ತಿತ್ತು, ಅದನ್ನ ನಾವು ಬಿಚ್ಚಿ, ನಮ್ಮ ಟೇಬಲ್‌ದಾಗ ತುಂಬಿ, ಬೆಳಿಗ್ಗೆ ನಿಮಗ ತೋರಿಸ್ತಿದ್ವಿ. ಅಂದ್ರ ನೀವು ನೋಡ್ತಿದ್ದದ್ದು ಅವರ ವಹಿ ಅಲ್ಲ, ನಿನ್ನೆ ರಾತ್ರಿ ಬರಕೊಂಡ ಅದರ ಕಾಪಿ. ಇಷ್ಟು ವರ್ಷ ಇದೇ ಸಾಕು ಅಂತ ನಾವೂ ಅನ್ಕೊಂಡಿದ್ವಿ.

ಹೋದ ಸೀಸನ್‌ದಾಗ ಆಳಂದ ಕಡೆಯ ಒಬ್ಬ ಗ್ರಾಹಕರಿಗೆ ಏನಾಯ್ತು ಅಂದ್ರ, ಬೆಳಿಗ್ಗೆ ಸ್ಕ್ರೀನ್ ನೋಡ್ಯಾರ, ಹಿಂದಿನ ಬಿಲ್ ಮುಂದ "ಪಾಸ್" ಅಂತ ಅದ. ರೊಕ್ಕ ಬರ್ತದ ಅನ್ನೋ ಧೈರ್ಯದ ಮ್ಯಾಲ ಅವರು ಮತ್ತ ಎರಡು ಲಾರಿ ಬೇಳೆ ಲೋಡ್ ಮಾಡಿಸಿ ಕಳಿಸ್ಯಾರ, ರೈತರಿಗೆ ಕೊಡೋದನ್ನೂ ಕೈಯಿಂದ ಕೊಟ್ಟಾರ. ಖರೇ ನೋಡಿದ್ರ ಅದೇ ದಿನ ಮುಂಜಾನೆ ಖರೀದಿದಾರರ ಕಡೆ ಆ ಬಿಲ್ ಹೋಲ್ಡ್ ಮಾಡ್ಯಾರ, ತೇವಾಂಶದ ತಕರಾರು ಅಂತ. ಅವರ ವಹಿದಾಗ ಹೋಲ್ಡ್, ನಮ್ಮ ಸ್ಕ್ರೀನ್‌ದಾಗ ಮರುದಿನದ ತನಕ ಪಾಸ್. ಹತ್ತೊಂಬತ್ತು ದಿನ ಅವರ ರೊಕ್ಕ ಸಿಕ್ಕೊಂಡು ಕುಂತಿತ್ತು. ಅವರು ನಮಗ ಒಂದು ಬಿರುಸು ಮಾತು ಸೈತ ಆಡ್ಲಿಲ್ಲ, ಆಫೀಸಿಗೆ ಬಂದು ಸ್ಕ್ರೀನ್‌ದ ಪ್ರಿಂಟ್ ಟೇಬಲ್ ಮ್ಯಾಲ ಇಟ್ಟು "ಇದನ್ನ ನಂಬಿದ್ನಿ" ಅಂತ ಅಷ್ಟೇ ಅಂದ್ರು. ಆ ಪ್ರಿಂಟ್ ಇನ್ನೂ ನಮ್ಮ ಫೈಲ್‌ದಾಗ ಅದ. ಅದರ ಮ್ಯಾಲಿನ ತಾರೀಖು ನೋಡಿದ್ರ ತಪ್ಪು ನಮ್ಮದೂ ಅದ, ಯಾಕಂದ್ರ ನಮ್ಮ ಸ್ಕ್ರೀನ್ ಇವತ್ತಿನ ತಾರೀಖು ಹಾಕ್ತಿತ್ತು, ಡೇಟಾ ಮಾತ್ರ ನಿನ್ನೇದು. ನೋಡಿದ ಮನುಷ್ಯಾ ಇವತ್ತಿಂದೇ ಅನ್ಕೊಳ್ಳದೆ ಮತ್ತೇನು ಅನ್ಕೋಬೇಕು.

ಎರಡನೇ ತ್ರಾಸು ಇನ್ನೂ ಕೆಟ್ಟದ್ದು, ಅದು ಅಂಕಿ ಬದಲಾಗೋ ತ್ರಾಸು. ಐಬಿಎಂ 1964ರಾಗ ಸಿಸ್ಟಂ/360 ತಂದಾಗಿಂದ ಆ ವಂಶದ ಮೇನ್‌ಫ್ರೇಮ್‌ಗಳು ಅಕ್ಷರ ಇಡೋ ಪದ್ಧತಿನೇ ಬೇರೆ, ಅದಕ್ಕ ಎಬ್ಸಿಡಿಕ್ ಅಂತಾರ. ನಮ್ಮ ಕಂಪ್ಯೂಟರ್‌ದಾಗ ಇಂಗ್ಲಿಷ್ ದೊಡ್ಡ ಎ ಅಂದ್ರ 65, ಅಲ್ಲಿ ಅದೇ ಅಕ್ಷರ 193. ಅಕ್ಷರ ಅಷ್ಟೇ ಇದ್ರ ಒಂದು ಪಟ್ಟಿ ಇಟ್ಕೊಂಡು ಬದಲಿ ಮಾಡಬಹುದು. ಆದ್ರ ರೊಕ್ಕದ ಅಂಕಿಗಳನ್ನ ಅವರು ಪ್ಯಾಕ್ ಮಾಡಿ ಇಡ್ತಾರ, ಒಂದು ಬೈಟ್‌ದಾಗ ಎರಡು ಅಂಕಿ, ಕಡೀಗೆ ಪ್ಲಸ್ಸೋ ಮೈನಸ್ಸೋ ಹೇಳೋ ಗುರುತು. 12345 ರೂಪಾಯಿ ಅಂದ್ರ ಮೂರೇ ಬೈಟು: 12, 34, 5ಸಿ (ಇದು ಹದಿನಾರರ ಲೆಕ್ಕದ ಬರಹ, ಕಡೀ ಸಿ ಅಂದ್ರ ಪ್ಲಸ್ ಗುರುತು). ಈಗ ಈ ಫೈಲನ್ನ ಯಾರಾದರೂ ಬೈನರಿ ಬಿಟ್ಟು ಟೆಕ್ಸ್ಟ್ ಮೋಡ್‌ದಾಗ ಕಳಿಸಿದ್ರು ಅಂತ ಇಟ್ಕೋರಿ, ನಡುವಿನ ಪ್ರೋಗ್ರಾಂ ಅದನ್ನೂ ಅಕ್ಷರ ಅಂತ ತಿಳಕೊಂಡು ಬದಲಿ ಮಾಡ್ತದ. ಕೋಡ್ ಪೇಜ್ 037, ಅಂದ್ರ ಯಾವ ಅಕ್ಷರಕ್ಕ ಯಾವ ನಂಬರ್ ಅನ್ನೋ ಒಂದು ಪಟ್ಟಿ, ಅದರ ಪ್ರಕಾರ 12 ಹಂಗೇ ಉಳೀತದ, 34 ಹೋಗಿ 94 ಆಗ್ತದ, 5ಸಿ ಹೋಗಿ 2ಎ ಆಗ್ತದ. ಬಿಚ್ಚಿ ನೋಡಿದ್ರ 12942. ಎರರ್ ಬರೂದಿಲ್ಲ, ಕಸ ಅಕ್ಷರ ಕಾಣೂದಿಲ್ಲ, ನೋಡ್ಲಿಕ್ಕ ಛಲೋ ಇರೋ ಅಂಕಿನೇ, ಆದ್ರ ಸುಳ್ಳು. ಒಮ್ಮೆ ಹಿಂಗ ಆಗಿ ಒಬ್ಬ ಮುನೀಮರು ಕಾಟಾ ಚೀಟಿ, ಬಿಲ್ಟಿ ಎಲ್ಲಾ ಹರವಿಕೊಂಡು ಎರಡು ದಿನ ತಾಳೆ ಹಾಕ್ಯಾರ, ಲೆಕ್ಕ ಹೊಂದಲೇ ಇಲ್ಲ. ಆ ಎರಡು ದಿನ ಅವರಿಗೆ ವಾಪಸ್ ಕೊಡ್ಲಾಕ ನಮ್ಮ ಕೈಲೆ ಆಗೂದಿಲ್ಲ.

ಅದಕ್ಕ ಕಾಪಿ ಮಾಡೋ ಪದ್ಧತಿನೇ ಬಿಟ್ಟು ನಡುವ ಒಂದು ಗೇಟ್‌ವೇ ಹಾಕೀವಿ. ಇದು ಒರಾಕಲ್‌ನವರದೇ ಸಾಫ್ಟ್‌ವೇರ್, ಡಿಆರ್‌ಡಿಎ ಅಂತ ಐಬಿಎಂನವರ ಭಾಷೆ ಅದ, ಆ ಭಾಷಾದಾಗ ಡಿಬಿ2 ಜತಿ ಮಾತಾಡ್ತದ, ಈ ಕಡೆ ನಮ್ಮ ಡೇಟಾಬೇಸಿಗೆ ಅದು ಇನ್ನೊಂದು ಒರಾಕಲ್ ಇದ್ದಂಗ ಕಾಣ್ತದ. ಡೆಸಿಮಲ್ ಕಾಲಂ ಬಂದ್ರ ನಂಬರ್ ಮಾಡಿ ಕೊಡ್ತದ, ಎಬ್ಸಿಡಿಕ್ ಅಕ್ಷರ ಬಂದ್ರ ಆ ಕಾಲಂದ ಕೋಡ್ ಪೇಜ್ ನೋಡಿ ಬದಲಿ ಮಾಡ್ತದ, ನಾವು ಕೈ ಹಚ್ಚೋ ಕೆಲಸಾನೇ ಇಲ್ಲ. ಮೇನ್‌ಫ್ರೇಮ್ ಮ್ಯಾಲ ಇದನ್ನ ಹಾಕಬೇಕಂತ ಏನಿಲ್ಲ, ಹಂಗಾಗಿ ನಮ್ಮ ಆಫೀಸಿನ ಒಂದು ಬೇರೆ ಲಿನಕ್ಸ್ ಮಷೀನ್ ಮ್ಯಾಲ ಹಾಕೀವಿ, ಬ್ಯಾಸಗಿದಾಗ ಕರೆಂಟ್ ಹೋಗೋದು ಗೊತ್ತೇ ಅದಲ್ಲ, ಅದಕ್ಕ ಅದೊಂದಕ್ಕೇ ಬೇರೆ ಯುಪಿಎಸ್ ಇಟ್ಟೀವಿ.

ಹಾಕೋ ಕೆಲಸ ಒಂದು ವಾರ ಅಂತ ಹೇಳಿ ಒಂದು ತಿಂಗಳು ತಗೊಂಡ್ವಿ, ಅದಕ್ಕ ಕ್ಷಮಾ ಇರ್ಲಿ. ಇನ್‌ಸ್ಟಾಲ್ ಆಗೋದು ಅರ್ಧ ದಿನದ ಕೆಲಸ, ಕಾನ್ಫಿಗರ್ ಮಾಡೋದೇ ಕೆಲಸ. ಗೇಟ್‌ವೇದ ಇನಿಟ್ ಫೈಲ್‌ದಾಗ (ಅದರ ಸೆಟ್ಟಿಂಗ್ ಬರೆಯೋ ಫೈಲ್) ಮೇನ್‌ಫ್ರೇಮ್‌ದ ಅಡ್ರೆಸ್, ಪೋರ್ಟ್ 446, ಅಲ್ಲಿನ ಡೇಟಾಬೇಸ್ ಹೆಸರು, ಅಲ್ಲಿ ನಡಿಯೋದು ಝಡ್‌ಓಎಸ್ (ಐಬಿಎಂ ಮೇನ್‌ಫ್ರೇಮ್‌ದ ಆಪರೇಟಿಂಗ್ ಸಿಸ್ಟಂ) ಅಂತ ಬರೀಬೇಕು. ಲಿಸನರ್‌ಗೆ, ಅಂದ್ರ ಹೊರಗಿಂದ ಬರೋ ಕರೆ ಕೇಳಿಸ್ಕೊಳ್ಳೋ ಪ್ರೋಗ್ರಾಂಗೆ, ಯಾವ ಪ್ರೋಗ್ರಾಂ ಎಬ್ಬಿಸಬೇಕು ಅಂತ ಹೇಳಬೇಕು. ಆಮ್ಯಾಲ ನಮ್ಮ ಡೇಟಾಬೇಸ್ ಕಡೆಯ ಟಿಎನ್‌ಎಸ್ ಫೈಲ್‌ದಾಗ (ಯಾವ ಡೇಟಾಬೇಸ್ ಎಲ್ಲಿ ಅದ ಅಂತ ವಿಳಾಸ ಇರೋ ಫೈಲ್) "ಎಚ್‌ಎಸ್ ಓಕೆ" ಅಂತ ಒಂದು ಸಣ್ಣ ಮಾತು ಬರೀಬೇಕು, ಆ ಕಡೆ ಇರೋದು ಒರಾಕಲ್ ಅಲ್ಲ ಅಂತ ತಿಳಿಸ್ಲಾಕ. ಆ ಮಾತು ಕನೆಕ್ಟ್ ಡೇಟಾದ ಬ್ರಾಕೆಟ್ ಮುಗದ ಮ್ಯಾಲ ಹೊರಗ ಬರಬೇಕು, ನಮ್ಮ ಹುಡುಗರು ಒಳಗ ಬರದಿದ್ರು. ದಾರಿ ಸರಿ ಅದನೋ ನೋಡ್ಲಾಕ ಟಿಎನ್‌ಎಸ್ ಪಿಂಗ್ ಹೊಡೆದ್ರ ಓಕೆ ಅಂತದ, ಲಿಂಕ್ ಮಾತ್ರ ತೆರೀವಲ್ದು. ಎರಡು ರಾತ್ರಿ ಕೇಬಲ್, ಫೈರ್‌ವಾಲ್ ಎಲ್ಲಾ ಹುಡುಕಿದ್ವಿ. ಆ ಪಿಂಗ್ ಲಿಸನರ್ ತನಕ ಹೋಗಿ ವಾಪಸ್ ಬರ್ತದ ಅಷ್ಟೇ, ಮೇನ್‌ಫ್ರೇಮ್ ಬಾಗಿಲ ತನಕ ಹೋಗೂದೇ ಇಲ್ಲ, ಇದು ಗೊತ್ತಿದ್ದೂ ಆ ಹೊತ್ತಿನಾಗ ತಲಿಗೆ ಬರ್ಲಿಲ್ಲ. ಉಳಿದ ದಿನಗಳು ಆ ಕಡಿಂದ ಪರ್ಮಿಷನ್ ಬರೋದಕ್ಕ ಹೋದವು, ದೊಡ್ಡ ಕಂಪನಿ, ಒಂದೊಂದು ಸಹಿಗೆ ಒಂದೊಂದು ವಾರ.

ಈಗ ನಿಮಗ ಏನು ಬದಲಾಗ್ತದ ಅಂದ್ರ, ಮೊದಲನೇದು ಮತ್ತ ಮುಖ್ಯವಾದದ್ದು: ನೀವು ಬಟನ್ ಒತ್ತಿದ ಆ ಗಳಿಗಿಗೆ ಅವರ ವಹಿದಾಗ ಏನದ ಅದೇ ಕಾಣ್ತದ. ಅವರ ಕ್ಲರ್ಕ್ 11 ಗಂಟೆಗೆ ಹೋಲ್ಡ್ ಹಾಕಿ ಸೇವ್ ಮಾಡಿದ್ರ 11 ದಾಟಿದ ಮ್ಯಾಲ ನೀವು ನೋಡಿದ್ರ ಹೋಲ್ಡ್ ಅಂತನೇ ಕಾಣ್ತದ. ಆದ್ರ ಲೈನ್ ಬಿದ್ದಾಗ, ರಸ್ತೆ ಅಗೆದು ಕೇಬಲ್ ತುಂಡಾದಾಗ, ಅಥವಾ ರಾತ್ರಿ 11ರಿಂದ ಬೆಳಿಗ್ಗೆ 4ರ ತನಕ ಅವರ ಬ್ಯಾಚ್ ಕೆಲಸ ನಡಿಯೋ ಹೊತ್ತಿನಾಗ, ಸ್ಕ್ರೀನ್‌ದಾಗ ಅಂಕಿ ಬರೂದೇ ಇಲ್ಲ. "ಈಗ ಮಾಹಿತಿ ಸಿಗ್ತಿಲ್ಲ" ಅಂತ ಕೆಂಪು ಅಕ್ಷರದಾಗ ಬರ್ತದ ಅಷ್ಟೇ. ಇದನ್ನ ಟ್ರಯಲ್‌ದಾಗ ನೋಡಿದ ನಾಲ್ಕೈದು ಮಂದಿ ಬ್ಯಾಡ ಅಂದ್ರು, ಖಾಲಿ ತೋರ್ಸೋದಕ್ಕಿಂತ ಹಳೇದಾದ್ರೂ ತೋರಸ್ರಿ, ಏನೋ ಒಂದು ಅಂದಾಜು ಸಿಗ್ತದ ಅಂತ. ಭಾಳ ಯೋಚನಿ ಮಾಡಿದ್ವಿ, ಆದ್ರ ಒಪ್ಪಲಿಲ್ಲ. ಆ ಆಳಂದದವರಿಗೂ ಸಿಕ್ಕದ್ದು ಅಂದಾಜೇ. ಖಾಲಿ ಸ್ಕ್ರೀನ್ ನೋಡಿದ್ರ ನೀವು ಫೋನ್ ಹಚ್ಚಿ ಕೇಳ್ತೀರಿ, ಹಳೇ ಅಂಕಿ ನೋಡಿದ್ರ ಲಾರಿ ಲೋಡ್ ಮಾಡಿಸ್ತೀರಿ. ಹಳೇ ಫೈಲ್ ಪದ್ಧತಿ ಬೆನ್ನಿಗೆ ಇಟ್ಕೊಂಡಿರೂದಿಲ್ಲ, ಶನಿವಾರ ರಾತ್ರಿ ಅದನ್ನ ಪೂರಾ ಬಂದ್ ಮಾಡ್ತೀವಿ.

ಹುಡುಕೋದು ಸ್ವಲ್ಪ ಬಿಗಿ ಆಗ್ತದ. ಇಲ್ಲಿತನಕ ಹೆಸರಿನ ಎರಡು ಅಕ್ಷರ ಹೊಡೆದು ಎಲ್ಲಾ ವರ್ಷದ ಬಿಲ್ ತೆಗೀತಿದ್ರಿ, ಟೇಬಲ್ ನಮ್ಮದೇ ಇತ್ತು, ನಡೀತಿತ್ತು. ಈಗ ಕೇಳೋದು ಬ್ಯಾರೆಯವರ ಮನ್ಯಾಗ. ಬಿಲ್ ನಂಬರ್ ಅಥವಾ ತಾರೀಖು ಸರಿಯಾಗಿ ಕೊಟ್ರ ಗೇಟ್‌ವೇ ಆ ಷರತ್ತನ್ನ ಡಿಬಿ2ಗೇ ದಾಟಿಸ್ತದ, ಅಲ್ಲೇ ಹುಡುಕಿ ಹತ್ತು ಸಾಲು ಕಳಿಸ್ತಾರ. ಡಿಬಿ2ಗೆ ತಿಳೀಲಾರದ ಒರಾಕಲ್ ಫಂಕ್ಷನ್ ಹಚ್ಚಿ ಕೇಳಿದ್ರ ಅದನ್ನ ಆ ಕಡೆ ದಾಟಿಸ್ಲಾಕ ಬರೂದಿಲ್ಲ, ಎಲ್ಲಾ ಸಾಲು ಇಲ್ಲಿಗೆ ಎಳಕೊಂಡು ಬಂದು ಇಲ್ಲಿ ಆರಿಸಬೇಕಾಗ್ತದ. ಗೋದಾಮಿಗೆ ಹಮಾಲನ್ನ ಕಳಿಸಿ 412ನೇ ಚೀಲ ತಾ ಅನ್ನೋದಕ್ಕೂ, ಎಲ್ಲಾ ಚೀಲ ಅಂಗಡಿ ಮುಂದ ಇಳಿಸು ನಾ ನೋಡಿ ಆರಸ್ತೀನಿ ಅನ್ನೋದಕ್ಕೂ ಇರೋ ಫರಕ್ ಅದು. ಅದಕ್ಕ ಬಿಲ್ ನಂಬರ್ ಇಲ್ಲದೆ ಹುಡುಕಿದ್ರ ತಾರೀಖು ಹಾಕ್ಲೇಬೇಕು, ಒಮ್ಮೆಗೆ 31 ದಿನಕ್ಕಿಂತ ಹೆಚ್ಚು ಬರೂದಿಲ್ಲ. ವರ್ಷದ ಲೆಕ್ಕ ಬೇಕಾದವರು ನಮಗ ಹೇಳ್ರಿ, ತೆಗೆದು ಕೊಡ್ತೀವಿ.

ಬಿಲ್‌ಗಳ ಸಾಲು ಹಿಂದಮುಂದ ಆಗಿದ್ದು ಕಂಡ್ರ ಗಾಬರಿ ಆಗಬ್ಯಾಡ್ರಿ. ಎಬ್ಸಿಡಿಕ್‌ದಾಗ ಅಕ್ಷರ ಮೊದಲು, ಅಂಕಿ ಆಮ್ಯಾಲ. ಅವರ ಫೈಲ್ ಆ ಸಾಲಿನಾಗೇ ಬರ್ತಿತ್ತು, ನಾವು ಹಂಗೇ ತೋರಿಸ್ತಿದ್ವಿ. ಈಗ ಸಾಲು ಹಚ್ಚೋದು ನಮ್ಮ ಕಡೆ, ನಮ್ಮ ಪದ್ಧತಿದಾಗ ಅಂಕಿ ಮೊದಲು. ಅಂದ್ರ ಬರೇ ನಂಬರ್‌ದಿಂದ ಶುರು ಆಗೋ ಬಿಲ್ ಮ್ಯಾಲ ಬರ್ತಾವ, ಅಕ್ಷರ ಇರೋವು ಕೆಳಗ ಹೋಗ್ತಾವ, ಯಾವ ಬಿಲ್ಲೂ ಕಳದಿರೂದಿಲ್ಲ.

ನಿಮ್ಮ ಅಂಗಡಿ ಹೆಸರು, ಊರಿನ ಹೆಸರು ಕನ್ನಡದಾಗೇ ಇರ್ತಾವ, ಇದನ್ನ ಭಾಳ ಮಂದಿ ಕೇಳ್ಯಾರ. ಅವರ ಟೇಬಲ್‌ದ ಹೆಸರಿನ ಕಾಲಂ ಇಂಗ್ಲಿಷ್ ದೊಡ್ಡ ಅಕ್ಷರಕ್ಕ ಅಷ್ಟೇ ಮಾಡಿದ್ದು, ಅಲ್ಲಿ ಒಂದು ಅಕ್ಷರಕ್ಕ ಒಂದೇ ಬೈಟ್. ಕಲಬುರಗಿ ಅಂತ ಕನ್ನಡದಾಗ ಬರದ್ರ ಯುಟಿಎಫ್-8ದಾಗ (ಎಲ್ಲಾ ಭಾಷೆಯ ಅಕ್ಷರ ಕಂಪ್ಯೂಟರ್‌ದಾಗ ಇಡೋ ಪದ್ಧತಿ) 21 ಬೈಟ್ ಬೇಕು, ಅಲ್ಲಿ ಕೂಡೂದಿಲ್ಲ. ಅದಕ್ಕ ಕನ್ನಡ ಹೆಸರು ನಮ್ಮಲ್ಲೇ ಇಟ್ಟೀವಿ, ಅವರ ಪಾರ್ಟಿ ಕೋಡ್ ಜತಿಗೆ ಜೋಡಿಸಿ ತೋರಿಸ್ತೀವಿ. ಇದೊಂದು ವಿಷಯದಾಗ ನಾವು ಜಗ್ಗಲಿಲ್ಲ, ಜಗ್ಗೂದೂ ಇಲ್ಲ.

ಗೇಟ್‌ವೇನ ರೀಡ್ ಓನ್ಲಿ ಇಟ್ಟೀವಿ. ಇಲ್ಲಿಂದ ಯಾರು ಏನು ಒತ್ತಿದ್ರೂ ಅವರ ವಹಿದಾಗ ಒಂದು ಚುಕ್ಕಿ ಬದಲಾಗೂದಿಲ್ಲ, ನಮಗೂ ಬದಲಿ ಮಾಡ್ಲಾಕ ಬರೂದಿಲ್ಲ. ಅಂಕಿದಾಗ ತಕರಾರು ಇದ್ರ ಅದನ್ನ ಖರೀದಿದಾರರ ಕಡೆನೇ ಎತ್ತಬೇಕು, ನಾವು ಕಾಗದ ಮಾಡಿ ಕೊಡ್ತೀವಿ. ನಿಮ್ಮ ಪಾಸ್‌ವರ್ಡ್ ಹಳೇದೇ ನಡೀತದ.

ಎರರ್ ಬಂದ್ರ ಒಂದು ಉಪಕಾರ ಮಾಡ್ರಿ, ಪೂರಾ ಸ್ಕ್ರೀನ್ ಫೋಟೋ ತೆಗೆದು ವಾಟ್ಸಾಪ್ ಮಾಡ್ರಿ. ಭಾಳ ಸಲ ಮೊದಲ ಸಾಲಿನಾಗ 28500 ಅಂತ ನಂಬರ್ ಇರ್ತದ, ಫೋನ್‌ದಾಗ ಅದಷ್ಟೇ ಓದಿ ಹೇಳ್ತೀರಿ. ಆ ನಂಬರ್ ಅಂದ್ರ ಆ ಕಡಿಂದ ಏನೋ ಒಂದು ಮಾತು ಬಂದದ ಅಂತ ಅಷ್ಟೇ, ಏನು ಮಾತು ಅನ್ನೋದು ಅದರ ಕೆಳಗಿನ ಸಾಲಿನಾಗ ಇರ್ತದ. ಆ ಕೆಳಗಿನ ಸಾಲು ಇಲ್ಲದೆ ನಮಗ ಏನೂ ಹೇಳ್ಲಾಕ ಆಗೂದಿಲ್ಲ.

ಚಾರ್ಜಿನ ವಿಷಯ. ಒರಾಕಲ್ ಜತಿಗೆ ಬರೋ ಒಡಿಬಿಸಿ ಅನ್ನೋ ಇನ್ನೊಂದು ಸಾಮಾನ್ಯ ಗೇಟ್‌ವೇಗೆ ಬೇರೆ ರೊಕ್ಕ ಇಲ್ಲ, ಈ ಡಿಆರ್‌ಡಿಎ ಗೇಟ್‌ವೇಗೆ ಬೇರೆ ಲೈಸೆನ್ಸ್ ತಗೋಬೇಕು, ತಗೊಂಡೀವಿ. ಆದ್ರ ಈ ತೊಗರಿ ಸೀಸನ್ ಮುಗಿಯೋ ತನಕ ನಿಮ್ಮ ತಿಂಗಳ ಚಾರ್ಜ್ ಹಳೇದೇ, ಒಂದು ರೂಪಾಯಿ ಹೆಚ್ಚಿಗಿಲ್ಲ. ಆಮ್ಯಾಲ ಏರಿಸಬೇಕಾದ್ರ ಎಲ್ಲಾರನ್ನೂ ಕರದು ಕುಂತು ಮಾತಾಡಿನೇ ಏರಿಸ್ತೀವಿ.

ಶನಿವಾರ ರಾತ್ರಿ 9ಕ್ಕ ಸ್ಕ್ರೀನ್ ಬಂದ್ ಆಗ್ತದ, ರವಿವಾರ ಮಧ್ಯಾಹ್ನ 12ಕ್ಕ ತೆರೀತದ. ಶನಿವಾರ ಸಂಜಿಕ ನಿಮ್ಮ ಬಾಕಿ ಇರೋ ಬಿಲ್‌ಗಳ ಒಂದು ಪ್ರಿಂಟ್ ತೆಗೆದು ಇಟ್ಕೋರಿ, ಸೋಮವಾರ ಗಂಜ್ ಶುರು ಆಗೋಕಿಂತ ಮೊದಲ ಹೊಸ ಸ್ಕ್ರೀನ್ ಜತಿ ಒಂದೊಂದೇ ತಾಳೆ ಹಾಕ್ರಿ. ಒಂದು ಅಂಕಿ ಕೂಡಲಿಲ್ಲ ಅಂದ್ರೂ ಫೋನ್ ಮಾಡ್ರಿ. ಸೋಮವಾರ ಬೆಳಿಗ್ಗೆ 7ರಿಂದ ನಮ್ಮ ಇಬ್ಬರು ಹುಡುಗರು ನೆಹರು ಗಂಜ್‌ದಾಗೇ ಇರ್ತಾರ, ಲ್ಯಾಪ್‌ಟಾಪ್ ಹಿಡಕೊಂಡು ಅಂಗಡಿ ಅಂಗಡಿಗೆ ಬರ್ತಾರ. ಆಳಂದ, ಜೇವರ್ಗಿ, ಚಿತ್ತಾಪುರ ಕಡೆಯವರಿಗೆ ಮಂಗಳವಾರ, ಬುಧವಾರ ಬರ್ತೀವಿ, ಯಾವ ಹೊತ್ತಿಗೆ ಅಂತ ಮೊದಲೇ ಫೋನ್ ಮಾಡಿ ಹೇಳ್ತೀವಿ.

ನಿಮ್ಮವರು,
ಕಲಬುರಗಿ ಆಫೀಸಿನಿಂದ